ಹಳೆ ಕಾರಿಗೆ ವಾರಂಟಿ ಕೊಂಡು ಹಣ ವಸೂಲು ಮಾಡಿದ ಬಗೆ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ವಾರಂಟಿ ಕಂಪನಿಯೊಂದು ನನ್ನ ಕ್ಲೇಮನ್ನು ಒಪ್ಪಿ, 52 ಸಾವಿರದ ಆಸುಪಾಸಿನ ರಿಪೇರಿ ಬಿಲ್ಲಿನಲ್ಲಿ ಸುಮಾರು 43 ಸಾವಿರವನ್ನು ತಾನೇ ಭರಿಸಿತು. ಕುಮಟಾ, ಶಿರಸಿ ಕಡೆ ಹಳೆ ಕಾರು ಕೊಡಿಸುವ, ಮಾರಿಸುವ ನಮ್ಮ ಬಳಗದಲ್ಲಿ ಇದನ್ನು ಯಾರೂ ನಂಬಲಿಲ್ಲ. ಬಿಲ್ಲು ತೋರಿಸಿದ ಮೇಲೂ ಒಬ್ಬರು, "ಇದು ವಿಮೆಯ ಹಣವಿರಬೇಕು, ಸರಿಯಾಗಿ ನೋಡು" ಎಂದರು. ಹೇಗಾಯಿತೆಂದು ಕೇಳಿದವರಿಗೆಲ್ಲ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ. ಕಾರು ಪರೀಕ್ಷಿಸುವುದು, ಆರ್‌ಸಿ ವರ್ಗಾವಣೆ, ಸಾಲದ ನಮೂದು ತೆಗೆಸುವುದು ಇವೆಲ್ಲ ನಿಮಗೆ ಗೊತ್ತಿರುವುದೇ, ಆ ಸುದ್ದಿಗೆ ಹೋಗುವುದಿಲ್ಲ.

ಮೊದಲು ಕಳೆದುಕೊಂಡದ್ದನ್ನು ಹೇಳುತ್ತೇನೆ. ಭಾವನಿಗೆ ಕೊಡಿಸಿದ ಡೀಸೆಲ್ ಕಾರಿಗೆ 17 ಸಾವಿರ ಕೊಟ್ಟು ಒಂದು ವರ್ಷದ ವಾರಂಟಿ ಮಾಡಿಸಿದ್ದೆ. ಮನೆ ಕುಮಟಾದಲ್ಲಿ, ಸರ್ವಿಸ್ ಸೆಂಟರ್ ಕಾರವಾರದಲ್ಲಿ. 2024ರ ಜುಲೈ 16ರಂದು ಇವೆರಡರ ನಡುವಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿತು. ಜೀವ ಕಳೆದುಕೊಂಡವರ ಮನೆಗಳ ಮುಂದೆ ನಮ್ಮ ಸರ್ವಿಸಿನ ಮಾತು ಬಹಳ ಸಣ್ಣದು, ಒಪ್ಪುತ್ತೇನೆ. ಆದರೆ ಆ ಜುಲೈಯಲ್ಲೇ ಮಾಡಿಸಬೇಕಿದ್ದ ಸರ್ವಿಸ್ ಮೂರು ವಾರದಷ್ಟು ತಡವಾಯಿತು. ವರ್ಷಾಂತ್ಯಕ್ಕೆ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಕೂಗಲು ಶುರುವಾದಾಗ ಕಂಪನಿಯ ಉತ್ತರ ಒಂದೇ ಸಾಲಿನದು: ನಿಗದಿತ ಅವಧಿಯಲ್ಲಿ ಸರ್ವಿಸ್ ಆಗಿಲ್ಲ, ಕ್ಲೇಮ್ ತಿರಸ್ಕೃತ. ರಸ್ತೆ ಮುಚ್ಚಿದ್ದು ಇಡೀ ದೇಶಕ್ಕೆ ಗೊತ್ತಿತ್ತು, ಅವರ ಕಾಗದಕ್ಕೆ ಗೊತ್ತಿರಲಿಲ್ಲ. ಟರ್ಬೊಗೆ ಭಾವನ ಕೈಯಿಂದ 36 ಸಾವಿರವೋ 38 ಸಾವಿರವೋ ಹೋಯಿತು. ಈಗಲೂ ಮದುವೆ ಮುಂಜಿಯಲ್ಲಿ ಸಿಕ್ಕರೆ, "ಆ ವಾರಂಟಿ ಹಣದಲ್ಲಿ ಅರ್ಧ ಕ್ವಿಂಟಲ್ ಚಾಲಿ ಅಡಿಕೆ ಬರುತ್ತಿತ್ತಲ್ಲ ಭಾವ" ಎನ್ನುತ್ತಾನೆ.

ಇನ್ನೊಂದು ಏಸಿ ಕಂಪ್ರೆಸರಿನ ಕಥೆ. ಕಂಪ್ರೆಸರ್ ವಾರಂಟಿಯೊಳಗೆ ಇತ್ತು. ಆದರೆ ಉಪ್ಪು ಗಾಳಿಗೆ ಕಂಡೆನ್ಸರ್ ತೂತಾಗಿ ಅನಿಲ ಸೋರಿ, ಅದರಿಂದ ಕಂಪ್ರೆಸರ್ ಹೋಗಿದೆ ಎಂದು ಪರಿಶೀಲನೆಗೆ ಬಂದವರು ಬರೆದರು. ತುಕ್ಕು ಹೊರಗಿನ ಪಟ್ಟಿಯಲ್ಲಿದೆ, ತುಕ್ಕಿನಿಂದ ಕೆಟ್ಟದ್ದೂ ಹೊರಗೆ. ಕಾರವಾರದ ಕಡಲ ದಂಡೆಯ ಮನೆಯಲ್ಲಿ ನಿಲ್ಲುವ ಕಾರಿಗೆ ತುಕ್ಕು ಬಿಟ್ಟು ಬೇರೇನು ಕಾಯಿಲೆ ಬರಬೇಕು?

ಆಮೇಲೆ ನಾನು ಹಿಡಿದ ದಾರಿ ಇಷ್ಟೇ: ಬಣ್ಣದ ಕರಪತ್ರ ಬದಿಗಿಟ್ಟು, ಷರತ್ತಿನ ಪುಸ್ತಕ ಕೈಗೆ ಬರುವವರೆಗೆ ಬೆಲೆಯ ಮಾತೇ ಆಡುವುದಿಲ್ಲ. ಪುಸ್ತಕ ಕೊಡದ ಕಡೆ ಎದ್ದು ಬರುತ್ತೇನೆ. ಕೈಗೆ ಬಂದರೆ ಹಿಂದಿನಿಂದ ಓದುತ್ತೇನೆ, ಏನೇನು ಕೊಡುವುದಿಲ್ಲ ಎಂಬುದು ಅಲ್ಲಿರುತ್ತದೆ. ನೀರು ನುಗ್ಗಿದ್ದು, ತುಕ್ಕು, ಇಲಿ ಕಡಿದದ್ದು, ರಬ್ಬರ್ ಬುಷ್, ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಬ್ಯಾಟರಿ. ಘಟ್ಟ ಮತ್ತು ಕರಾವಳಿಯಲ್ಲಿ ಕಾರು ಕೆಡುವ ಕಾರಣಗಳನ್ನು ನಮ್ಮ ಜಿಲ್ಲೆಗೇ ಬಂದು ಕೇಳಿ ಬರೆದುಕೊಂಡು ಹೋದ ಹಾಗಿರುತ್ತದೆ. ಇಷ್ಟೆಲ್ಲ ಹೋದ ಮೇಲೆ ಉಳಿಯುವುದು ಎಂಜಿನ್ನಿನ ಒಳಭಾಗ, ಗೇರ್‌ಬಾಕ್ಸು, ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಎಂ, ಎಲೆಕ್ಟ್ರಿಕ್ ಸ್ಟಿಯರಿಂಗಿನ ಕಾಲಮ್ಮು, ಮತ್ತು ಎಎಂಟಿ ಎಂಬ ತಾನೇ ಗೇರ್ ಬದಲಿಸುವ ವ್ಯವಸ್ಥೆಯಲ್ಲಿ ಕ್ಲಚ್ಚು, ಗೇರುಗಳನ್ನು ಆಡಿಸುವ ಆಕ್ಚುಯೇಟರ್. ಇವುಗಳಲ್ಲಿ ಒಂದು ಕೆಟ್ಟರೆ ವಾರಂಟಿಯ ಬೆಲೆಯ ಎರಡು ಪಟ್ಟಿಗಿಂತ ಹೆಚ್ಚು ಖರ್ಚಾಗುವ ಕಾರಿಗೆ ಮಾತ್ರ ಕೊಳ್ಳುತ್ತೇನೆ. ಕೈಗೇರಿನ ಸಣ್ಣ ಪೆಟ್ರೋಲ್ ಕಾರಿಗೆ ಕೊಳ್ಳುವುದೇ ಇಲ್ಲ.

ಅಂಥ ಕಾರಿಗೆ ಪಿಗ್ಮಿ, ಅಂದರೆ ದಿನವೂ ಸಣ್ಣ ಮೊತ್ತ ಕಟ್ಟುವ ಉಳಿತಾಯ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಉಡುಪಿಯ ಸಂಸ್ಥೆ 1928ರಲ್ಲಿ ಶುರು ಮಾಡಿದ್ದನ್ನು ನಮ್ಮ ಊರುಗಳ ಸಹಕಾರಿ ಸಂಘಗಳು ಈಗಲೂ ನಡೆಸುತ್ತಿವೆ. ದಿನಕ್ಕೆ 50 ರೂಪಾಯಿ ಎಂದರೆ ವರ್ಷಕ್ಕೆ 18 ಸಾವಿರದ ಮೇಲಾಯಿತು, ಶೇ 18ರ ಜಿಎಸ್‌ಟಿ ಸೇರಿಸಿ ವಾರಂಟಿಗೆ ಕೊಡುವ ಹಣವೂ ಅಷ್ಟೇ. ಕಾರು ಕೆಡದಿದ್ದರೆ ಹಣ ನಮ್ಮದೇ. ಸಸ್ಪೆನ್ಷನ್ ಬುಷ್‌ಗೂ ಆದೀತು, ಇಲಿ ಕಡಿದ ವೈರಿಂಗಿಗೂ ಆದೀತು, ಯಾರ ಅಪ್ಪಣೆಯೂ ಬೇಡ. ನಾನು ಕಾರು ಕೊಡಿಸಿದವರಲ್ಲಿ ನಾಲ್ಕೈದು ಮನೆಯವರು ಹೀಗೆ ಕಟ್ಟುತ್ತಿದ್ದಾರೆ. ಎಲ್ಲರ ಹಣ ಸೇರಿಸಿ ಒಂದೇ ನಿಧಿ ಮಾಡಿ ನೋಡಿದ್ದೆವು. ಮೊದಲು ಯಾರ ಕಾರಿಗೆ ಎಂಬ ಜಗಳದಲ್ಲಿ ಅದು ಒಂದೇ ಮಳೆಗಾಲಕ್ಕೆ ಮುಗಿಯಿತು.

ಇಲಿಯ ಮಾತು ಬಂತಲ್ಲ. ಅಡಿಕೆ ದಾಸ್ತಾನಿನ ಪಕ್ಕ ಕಾರು ನಿಲ್ಲಿಸುವ ಶಿರಸಿಯವರ ಕಷ್ಟ ನನಗೆ ಗೊತ್ತು. ತಂಬಾಕಿನ ಎಲೆಯ ಕಟ್ಟು ಇಟ್ಟೆವು, ಒಂದು ವಾರ ಇಲಿ ಸುಮ್ಮನಿದ್ದು ಮತ್ತೆ ಕಡಿಯಿತು. ನುಸಿಗುಳಿಗೆ ಹಾಕಿದರೆ ಏಸಿಯಿಂದ ವಾಸನೆ ಬಂದು ಹೆಂಗಸರು ಮಕ್ಕಳು ಕಾರು ಹತ್ತಲೊಲ್ಲರು. ಕೊನೆಗೆ ನಡೆದದ್ದು ರಾತ್ರಿ ಬಾನೆಟ್ ತೆರೆದಿಟ್ಟು ಮೇಲೊಂದು ಬಲ್ಬು ಉರಿಸುವುದು. ತಿಂಗಳಿಗೆ ಹತ್ತಿಪ್ಪತ್ತು ರೂಪಾಯಿ ವಿದ್ಯುತ್ತು ಹೋಗುತ್ತದೆ, ವೈರಿಂಗಿಗೆ ಎಂಟು ಹತ್ತು ಸಾವಿರ ಉಳಿಯುತ್ತದೆ.

ಈಗ ಗೆದ್ದ ಕ್ಲೇಮಿಗೆ ಬರುತ್ತೇನೆ. 2014ರಲ್ಲಿ ಸೆಲೆರಿಯೊ ಜೊತೆ ಎಎಂಟಿ ನಮ್ಮ ದೇಶಕ್ಕೆ ಬಂದ ಮೇಲೆ ಹಲವು ಕಂಪನಿಗಳು ಅದನ್ನು ಹಾಕಿದವು, ಅವೆಲ್ಲ ಈಗ ಹಳೆ ಕಾರಿನ ಪೇಟೆಯಲ್ಲಿ ಸಿಗುತ್ತಿವೆ. ಅಂಥದೊಂದನ್ನು ಶಿರಸಿಯ ಮಾವನೊಬ್ಬರಿಗಾಗಿ ಹುಬ್ಬಳ್ಳಿಯಲ್ಲಿ ನಾಲ್ಕು ಲಕ್ಷದ ಮೇಲೆ ಸ್ವಲ್ಪ ಕೊಟ್ಟು ತೆಗೆದೆ. ವಾರಂಟಿ ತೆರಿಗೆ ಸೇರಿ 16,500 ಇರಬೇಕು. ಮಾಡಿಸುವಾಗಲೇ ನಮ್ಮವರು ನಕ್ಕಿದ್ದರು. ನಾನು ಮಾಡಿದ್ದು, ತಂದ ವಾರದಲ್ಲೇ ಅಧಿಕೃತ ಸರ್ವಿಸ್ ಸೆಂಟರಿಗೆ ಒಯ್ದು ಗೇರ್ ಘಟಕವನ್ನೂ ಸ್ಕ್ಯಾನ್ ಮಾಡಿಸಿ, ಕ್ಲಚ್ಚಿನ ಸವೆತದ ಅಂಕಿಯನ್ನು ಮುದ್ರಿಸಿ ಮೊಹರು ಹಾಕಿಸಿಕೊಂಡದ್ದು. ಐನೂರು ಅರುನೂರು ರೂಪಾಯಿಯ ಕೆಲಸ. ಕಾರಿಗೆ ಸಿಕ್ಕಿಸಿ ಫೋನಿನಲ್ಲಿ ನೋಡುವ ನಮ್ಮ ಏಳುನೂರು ರೂಪಾಯಿಯ ಬ್ಲೂಟೂತ್ ಒಬಿಡಿ ಸಾಧನ ಎಂಜಿನ್ನಿನ ದೋಷದ ಕೋಡ್ ಓದೀತೇ ಹೊರತು ಇದನ್ನು ಓದುವುದಿಲ್ಲ, ಓದಿದರೂ ಆ ಕಾಗದಕ್ಕೆ ಬೆಲೆಯಿಲ್ಲ. ಓಡೋಮೀಟರ್, ಕಾರಿನ ತಳ, ಎಣ್ಣೆಯ ಮಟ್ಟ, ಎಲ್ಲದರ ಫೋಟೊ ತೆಗೆದು ಅದೇ ದಿನ ಕಂಪನಿಗೆ ಇಮೇಲ್ ಮಾಡಿದೆ. ವಿಷಯದ ಸಾಲಿನಲ್ಲಿ ನಾನು ಬರೆಯುವ ಒಂದು ವಾಕ್ಯವಿದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಎಲ್ಲರೂ ಬರೆಯತೊಡಗಿದರೆ ಅದರ ಕಸುವು ಹೋಗುತ್ತದೆ.

ಎಂಟನೆಯ ತಿಂಗಳೋ ಒಂಬತ್ತನೆಯ ತಿಂಗಳೋ, ದೇವಿಮನೆ ಘಟ್ಟ ಇಳಿಯುವ ಮೊದಲೇ ಗೇರು ಬೀಳುವುದು ನಿಂತಿತು. ಪರಿಚಯದ ಮೆಕ್ಯಾನಿಕ್, "ಎಣ್ಣೆ ನೋಡಿ ರಿಲೇ ಬದಲಿಸುತ್ತೇನೆ, ಎರಡು ಸಾವಿರದಲ್ಲಿ ಮನೆಗೆ ಹೋಗಿ" ಎಂದ. ಅವನ ಮಾತು ನಿಜವೇ ಇದ್ದೀತು. ಆದರೆ ಹೊರಗಿನವರು ಒಂದು ನಟ್ಟು ಬಿಚ್ಚಿದರೂ ಕ್ಲೇಮ್ ಸತ್ತಂತೆ. ಮಾವ ಸಿಟ್ಟಾದರು. ನಾನು ಬಾನೆಟ್ ಮುಟ್ಟಲು ಬಿಡಲಿಲ್ಲ. ಸಹಾಯವಾಣಿಗೆ ಫೋನು ಮಾಡಿ ದೂರಿನ ಸಂಖ್ಯೆ ಪಡೆದು, ಅದನ್ನೇ ಇಮೇಲಿನಲ್ಲೂ ಬರೆದು, ಆಮೇಲೆ ಎಳೆಯುವ ಗಾಡಿ ಕರೆಸಿದೆ. ಸಾಗಿಸಿದ ಖರ್ಚು ಏಳು ಸಾವಿರದ ಹತ್ತಿರ, ಸ್ವಲ್ಪ ಭಾಗ ವಿಮೆಯ ರಸ್ತೆ ಸಹಾಯದಲ್ಲಿ ಬಂತು.

ನಿರೀಕ್ಷಿಸಿದ ಮಾತೇ ಬಂತು: ಕ್ಲಚ್ ಸವೆದಿದ್ದರಿಂದ ಆಕ್ಚುಯೇಟರ್ ಮೇಲೆ ಭಾರ ಬಿದ್ದು ಕೆಟ್ಟಿದೆ, ಕ್ಲಚ್ ನಮ್ಮ ಹೊಣೆಯಲ್ಲ. ಮೊಹರು ಹಾಕಿದ ಹಳೆಯ ಅಂಕಿ ಮತ್ತು ಆ ದಿನದ ಹೊಸ ಅಂಕಿ ಅಕ್ಕಪಕ್ಕ ಇಟ್ಟು ಕಳುಹಿಸಿದೆ. ವ್ಯತ್ಯಾಸ ತೀರಾ ಕಡಿಮೆ. ಎರಡು ವಾರದ ಜಗ್ಗಾಟದ ನಂತರ ಒಪ್ಪಿದರು. ಎಣ್ಣೆ, ಸೀಲು, ಓಡಿದ ಕಿಲೋಮೀಟರಿನ ಕಡಿತ ನಮ್ಮ ಪಾಲಿಗೆ ಬಂತು. ಮಾವ ಈಗ ಊರೆಲ್ಲ ನನ್ನ ಹೆಸರು ಹೇಳುತ್ತಿದ್ದಾರೆ, ಹೇಳಲಿ.

ಆದರೂ ಕಳೆದ ಐದಾರು ವರ್ಷಗಳಲ್ಲಿ ನನ್ನ ಮೂಲಕ ವಾರಂಟಿಗೆ ಹೋದದ್ದು ಒಂದು ಲಕ್ಷಕ್ಕೆ ಸ್ವಲ್ಪ ಕಡಿಮೆ, ಬಂದದ್ದು 60 ಸಾವಿರದ ಆಸುಪಾಸು. ಒಟ್ಟು ಲೆಕ್ಕ ನಷ್ಟದ್ದೇ. ಕಾರು ಆಯ್ದು ಕೊಳ್ಳತೊಡಗಿದ ಮೇಲಿನ ಲೆಕ್ಕ ಮಾತ್ರ ಲಾಭದಲ್ಲಿದೆ.

ಇದಕ್ಕಿಂತ ಅಗ್ಗದ ದಾರಿಯೂ ಇದೆ, ನಮ್ಮವರು ಬಳಸುವುದು ಕಡಿಮೆ. ತಯಾರಕರದೇ ವಿಸ್ತರಿತ ವಾರಂಟಿ ಇನ್ನೂ ಚಾಲ್ತಿಯಲ್ಲಿರುವ ಮೂರು ನಾಲ್ಕು ವರ್ಷದ ಕಾರನ್ನು ಹುಡುಕಿ, ಆರ್‌ಸಿ ಹೆಸರಿಗೆ ಬಂದ ಕೂಡಲೇ ಡೀಲರ್ ಬಳಿ ಅದನ್ನೂ ವರ್ಗಾಯಿಸಿಕೊಳ್ಳಿ. ಅಂಥ ಕಾರಿಗೆ ಹತ್ತು ಸಾವಿರ ಹೆಚ್ಚು ಕೊಡಲು ನಾನು ಹಿಂಜರಿಯುವುದಿಲ್ಲ. ಗಂಗಾವಳಿ, ಅಘನಾಶಿನಿ ಉಕ್ಕುವ ಕಡೆಯವರು ವಾರಂಟಿಗಿಂತ ಮೊದಲು ವಿಮೆಯಲ್ಲಿ ಎಂಜಿನ್ ರಕ್ಷಣೆಯ ಹೆಚ್ಚುವರಿ ಭಾಗ ತೆಗೆದುಕೊಳ್ಳಬೇಕು. ನೀರು ಕುಡಿದ ಎಂಜಿನ್ನಿಗೆ ಅದು ಹಣ ಕೊಡುತ್ತದೆ, ವಾರಂಟಿ ಕೊಡುವುದಿಲ್ಲ. ನೀರಿನಲ್ಲಿ ನಿಂತ ಕಾರನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಿದರೆ ಅದೂ ಕೈತಪ್ಪಬಹುದು.

ಮಾಜಾಳಿ ದಾಟಿ ಗೋವಾದಿಂದ ಕಾರು ತರುವವರಿಗೆ ಒಂದು ಮಾತು. ಅಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಓಡುವ ಕಪ್ಪು ಫಲಕದ ಕಾರುಗಳು ಆಮೇಲೆ ಖಾಸಗಿಯಾಗಿ ಬದಲಾಗಿ ಮಾರಾಟಕ್ಕೆ ಬರುತ್ತವೆ. ಬಾಡಿಗೆಗೆ ಓಡಿದ್ದು ಹೊರಬಿದ್ದರೆ ವಾರಂಟಿಯವರು ಸಾಮಾನ್ಯವಾಗಿ ಕೈಯೆತ್ತುತ್ತಾರೆ. ನೋಂದಣಿಯ ಹಳೆಯ ವಿವರ ಕೇಳದೆ ಮುಂಗಡ ಕೊಡಬೇಡಿ. ಬಾಡಿಗೆ ಕಾರನ್ನು ಫಲಕ ನೋಡದೆಯೇ ಗುರುತಿಸುವ ಒಂದು ಜಾಗ ಕಾರಿನೊಳಗಿದೆ. ಅದನ್ನು ತೋರಿಸಿಕೊಂಡೇ ನಾನು ಊಟ ಮಾಡುವುದು, ಆದ್ದರಿಂದ ಕ್ಷಮಿಸಿ.

ಸದ್ಯ ಹೊನ್ನಾವರದ ಒಬ್ಬರಿಗೆ ಬಿಎಸ್6 ಹೊಗೆ ನಿಯಮದ ಡೀಸೆಲ್ ಕಾರು ನೋಡುತ್ತಿದ್ದೇನೆ. ಅವರ ಓಡಾಟ ದಿನಕ್ಕೆ ಐದಾರು ಕಿಲೋಮೀಟರ್. ಇಷ್ಟು ಚಿಕ್ಕ ಓಟಕ್ಕೆ, ಹೊಗೆಯ ಮಸಿ ಸೋಸುವ ಡಿಪಿಎಫ್‌ನಲ್ಲಿ ಮಸಿ ಕಟ್ಟಿಕೊಳ್ಳುತ್ತದೆ. ಷರತ್ತಿನ ಪುಸ್ತಕದಲ್ಲಿ ಡಿಪಿಎಫ್ ಒಳಗೂ ಇಲ್ಲ, ಹೊರಗೂ ಇಲ್ಲ. ಬರಹದಲ್ಲಿ ಉತ್ತರ ಕೊಡಿ ಎಂದು ಕೇಳಿ ಹತ್ತು ದಿನಗಳ ಮೇಲಾಯಿತು. ಮಾರುವವರು ದಿನಾ ಫೋನು ಮಾಡುತ್ತಾರೆ, ನಾನು ಇಮೇಲ್ ಬರಲಿ ಎನ್ನುತ್ತಿದ್ದೇನೆ.