ಕೆಳಗೆ ಬಿದ್ದ ಮೇಲೆ ಯೇಸುವಿನ ನೆನಪಾದ್ರೆ ಎಲ್ಲಿಂದ ಶುರು ಮಾಡುದು

ಸಾಲ, ಕುಡಿತ, ಗಲ್ಫಿನ ಕೆಲಸ ಹೋದದ್ದು, ಡೈವೋರ್ಸ್, ಕಾರಣ ಎಂತ ಬೇಕಾದ್ರೂ ಇರ್ಲಿ, ಎಲ್ಲ ಕೈಬಿಟ್ಟು ಹೋದ ಮೇಲೆ ಯಾಕೋ ಯೇಸುವಿನ ಕಡೆ ಮನಸ್ಸು ಹೋಗ್ತಾ ಉಂಟು, ಇಗರ್ಜಿ (ಚರ್ಚ್) ಎದುರು ಬರುವಾಗ ಬೈಕ್ ತನ್ನಷ್ಟಕ್ಕೆ ಸ್ಲೋ ಆಗ್ತದೆ, ಆದ್ರೆ ಒಳಗೆ ಹೋಗಿ ಎಂತ ಮಾಡುದು ಅಂತ ಗೊತ್ತಿಲ್ಲ, ಅಂಥವರಿಗೆ ಇದು. ನಾನು ಹುಟ್ಟು ಕ್ರೈಸ್ತ ಅಲ್ಲ. ಕಾಸರಗೋಡಿನ ಬದಿಯಡ್ಕ ಕಡೆಯವ, ಹೀಗೇ ಒಂದು ಹಾಳು ಕಾಲದಲ್ಲಿ ಈ ದಾರಿಗೆ ಬಂದವ. ನನ್ನ ಹತ್ರ ಕೇಳಿದ್ರೆ ನಾನು ಹೇಳುದು ಇಷ್ಟೆ, ಹೋಗಿ ಕೂತ್ಕೊಳ್ಳುದು ಈ ಭಾನುವಾರವೇ ಆಗ್ಲಿ, ದೊಡ್ಡ ನಿರ್ಧಾರ ಮಾತ್ರ ನಿಧಾನಕ್ಕೆ ಆಗ್ಲಿ.

ಮೊದಲು ಊಟ ಮತ್ತೆ ನಿದ್ದೆ. ತಮಾಷೆಗೆ ಹೇಳುದಲ್ಲ. ಬೈಬಲಿನಲ್ಲಿ ಎಲೀಯ ಅಂತ ಒಬ್ಬ ಪ್ರವಾದಿ, ರಾಣಿಗೆ ಹೆದರಿ ಓಡಿ ಹೋಗಿ ಅಡವಿಯಲ್ಲಿ ಜಾಲಿಗಿಡದ ಬುಡದಲ್ಲಿ ಕೂತು ಸಾಕಪ್ಪಾ ನನ್ನ ಜೀವ ತೆಗಿ ಅಂತಾನೆ. ಆಗ ದೇವದೂತ ಬಂದು ಉಪದೇಶ ಕೊಟ್ಟನಾ? ಇಲ್ಲ. ಎದ್ದು ತಿನ್ನು ಅಂತ ರೊಟ್ಟಿ, ನೀರು ಕೊಟ್ಟ. ತಿಂದು ಪುನಃ ಮಲಗಿದ, ಪುನಃ ಎಬ್ಬಿಸಿ ಪುನಃ ತಿನ್ನಿಸಿದ, ದೇವರು ಮಾತಾಡಿದ್ದು ಆಮೇಲೆ, ನಲ್ವತ್ತು ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ. ಒಂದನೇ ಅರಸುಗಳು 19ನೇ ಅಧ್ಯಾಯ, ಓದಿ ನೋಡಿ. ಹಾಗಾಗಿ ಎರಡು ಹೊತ್ತು ಗಂಜಿಯಾದ್ರೂ ಹೊಟ್ಟೆಗೆ ಹೋಗ್ಲಿ. ಸಾಯುವ ಯೋಚನೆ ಬರ್ತಾ ಇದ್ರೆ ಪಾದ್ರಿಯನ್ನು ಹುಡುಕುವ ಮೊದಲು 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರಕಾರದ್ದು, ಹಗಲು ರಾತ್ರಿ ಇರ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡ್ಬಹುದು. ಮನೆಯಲ್ಲಿ ಒಬ್ರಿಗಾದ್ರೂ ಹೇಳಿ, ರಾತ್ರಿ ಒಬ್ರೇ ಇರ್ಬೇಡಿ.

ಮತ್ತೆ ಓದುದು. ತುಂಬಾ ಜನ ಬೈಬಲ್ ತಗೊಂಡು ಆದಿಕಾಂಡದಿಂದ ಶುರು ಮಾಡಿ ಯಾಜಕಕಾಂಡಕ್ಕೆ ಬರುವಾಗ ಸುಸ್ತಾಗಿ ಇಡ್ತಾರೆ, ಕೆಲವರು ಯೂಟ್ಯೂಬ್ ನೋಡಿ ಸೀದಾ ಕೊನೆಯ ಪುಸ್ತಕ ಪ್ರಕಟನೆಗೆ ಹಾರಿ ಮೃಗ, 666 ಅಂತ ಇನ್ನಷ್ಟು ಹೆದರಿಕೆ ಮಾಡ್ಕೊಳ್ತಾರೆ, ಎರಡೂ ಬೇಡ. ಮಾರ್ಕನ ಸುವಾರ್ತೆಯಿಂದ ಹಿಡೀರಿ. ಯೇಸುವಿನ ಕತೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ, ಕೂತು ಓದಿದ್ರೆ ಒಂದೂವರೆ ಗಂಟೆಯ ಕೆಲಸ. ಯೇಸು ಅದರಲ್ಲಿ ಒಂದು ಕಡೆ ನಿಲ್ಲುದೇ ಇಲ್ಲ, ದೋಣಿ, ದಾರಿ, ಯಾರದ್ದೋ ಮನೆ, ಊಟ. ಪುಸ್ತಕ ಬೇಕಾದ್ರೆ ಬೈಬಲ್ ಸೊಸೈಟಿಯದ್ದು ಕಡಿಮೆಗೆ ಸಿಗ್ತದೆ, ಇಲ್ಲದಿದ್ರೆ ಮೊಬೈಲಿಗೆ ಯೂವರ್ಷನ್ ಆ್ಯಪ್ ಹಾಕ್ಕೊಳ್ಳಿ, ಕನ್ನಡ ಉಂಟು. ಕೆಥೊಲಿಕರ ಬೈಬಲಿನಲ್ಲಿ 73 ಪುಸ್ತಕ, ಪ್ರಾಟೆಸ್ಟೆಂಟರದ್ದರಲ್ಲಿ 66, ಈಗ್ಲೇ ಅದಕ್ಕೆ ತಲೆಕೆಡಿಸ್ಕೊಳ್ಬೇಡಿ, ಮಾರ್ಕ ಎರಡರಲ್ಲೂ ಇದ್ದಾನೆ.

ಪ್ರಾರ್ಥನೆ ಮಾಡ್ಲಿಕ್ಕೆ ಬರುದಿಲ್ಲ ಅನ್ನುವವರು ಬೈಬಲಿನ ಕೀರ್ತನೆಗಳನ್ನು ಬಾಯಿಬಿಟ್ಟು ಓದಿ ಸಾಕು. 13ನೆಯದ್ದು ಎಷ್ಟು ಕಾಲ, ಎಷ್ಟು ಕಾಲ ಅಂತ ದೇವರ ಹತ್ರ ಜಗಳ ಮಾಡುದೇ. 88ನೆಯದ್ದು ಇನ್ನೂ ಕಪ್ಪು, ಕೊನೆಯ ಸಾಲು ಕೂಡ ಕತ್ತಲೆಯಲ್ಲೇ ಮುಗೀತದೆ, ಸಮಾಧಾನದ ಒಂದು ಮಾತಿಲ್ಲ, ಆದ್ರೂ ಅದನ್ನು ಬೈಬಲಿನಿಂದ ಯಾರೂ ತೆಗೀಲಿಲ್ಲ ನೋಡಿ. ಖುಷಿಯಾಗಿದ್ದೇನೆ ಅಂತ ದೇವರೆದುರು ನಟನೆ ಮಾಡ್ಬೇಕಾಗಿಲ್ಲ. ನಂಬಿಕೆ ಬರ್ತಾ ಇಲ್ಲ ಅಂದ್ರೆ ಮಾರ್ಕ 9ರಲ್ಲಿ ಹುಷಾರಿಲ್ಲದ ಹುಡುಗನ ಅಪ್ಪ ಹೇಳಿದ್ದನ್ನು ಹೇಳಿ, ನಂಬ್ತೇನೆ, ನನ್ನ ಸಾಕಾಗದ ನಂಬಿಕೆಗೆ ನೀನೇ ಸಹಾಯ ಮಾಡು ಅಂತ. ಅವನ ಮಗನಿಗೆ ಗುಣ ಆಯ್ತು, ಪೂರ್ತಿ ನಂಬಿಕೆ ತಗೊಂಡು ಬಾ ಅಂತ ಯೇಸು ವಾಪಸ್ ಕಳಿಸ್ಲಿಲ್ಲ.

ಈಗ ಯಾವ ಚರ್ಚ್ ಅನ್ನುದು. ನಮ್ಮ ಕಾಸರಗೋಡಿನಲ್ಲಿ ಇದು ಸ್ವಲ್ಪ ಒಟ್ರಾಶಿ. ಬೇಳ, ಕಯ್ಯಾರು, ವರ್ಕಾಡಿ, ಮಂಜೇಶ್ವರ ಈ ಕಡೆಯ ಹಳೆ ಕೆಥೊಲಿಕ್ ಇಗರ್ಜಿಗಳೆಲ್ಲ ಮಂಗಳೂರು ಧರ್ಮಪ್ರಾಂತ್ಯದ್ದು, ಬೇಳದ ಶೋಕಮಾತೆಯ ಇಗರ್ಜಿ 1890ರದ್ದು, ಅಲ್ಲಿನವರು ಹೆಚ್ಚಾಗಿ ಕೊಂಕಣಿ ಮಾತಾಡುವವರು. ಮೂಡಣ ಗುಡ್ಡೆ ಕಡೆ ರಾಜಪುರಂ, ವೆಳ್ಳರಿಕುಂಡ್ ಅಂತ ಹೋದ್ರೆ ತೆಂಕಣದಿಂದ ವಲಸೆ ಬಂದ ಸಿರೋ ಮಲಬಾರಿನವರು (ಅವರೂ ಕೆಥೊಲಿಕರೇ, ಪದ್ಧತಿ ಬೇರೆ), ರಾಜಪುರಂಗೆ ಅವರು ಬಂದದ್ದು 1943ರಲ್ಲಿ, ಅಲ್ಲಿ ಪೂಜೆ (ಚರ್ಚಿನ ಆರಾಧನೆ) ಮಲಯಾಳದಲ್ಲಿ. ಸಿಎಸ್‌ಐ ಅನ್ನುವ ಪ್ರಾಟೆಸ್ಟೆಂಟ್ ಸಭೆಯವರದ್ದು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಬೇರು, ಅಚ್ಚ ಕನ್ನಡದ ಆರಾಧನೆ ಬೇಕಾದವರಿಗೆ ತಲಪಾಡಿ ದಾಟಿ ಮಂಗಳೂರಿಗೆ ಹೋದ್ರೆ ಧಾರಾಳ ಉಂಟು. ಮತ್ತೆ ಪೇಟೆಯಲ್ಲಿ ಅಂಗಡಿ ಮಾಳಿಗೆ ಮೇಲೆ ಬಾಡಿಗೆ ರೂಮಿನಲ್ಲಿ ಪೆಂತೆಕೊಸ್ತ್ ಸಭೆಗಳು. ಹತ್ರದ ಇಗರ್ಜಿಯ ಆಫೀಸಿಗೆ ಫೋನ್ ಮಾಡಿ ಕನ್ನಡ ಪೂಜೆ ಎಷ್ಟೊತ್ತಿಗೆ ಅಂತ ಕೇಳಿ, ಹೆಸರು ಜಾತಿ ಯಾರೂ ಕೇಳುದಿಲ್ಲ. ನನ್ನ ಅಭಿಪ್ರಾಯದಲ್ಲಿ ನಿಮಗೆ ಅಳು ಬರುವ ಭಾಷೆ ಯಾವುದೋ ಆ ಭಾಷೆಯ ಪೂಜೆಗೆ ಹೋಗುದು ಒಳ್ಳೇದು, ಬಸ್ಸಿಗೆ ಇಪ್ಪತ್ತು ರೂಪಾಯಿ ಹೆಚ್ಚಾದ್ರೂ.

ಒಳಗೆ ಹೋದ್ರೆ ಹಿಂದಿನ ಬೆಂಚು ಹಿಡೀರಿ. ಜನ ಏಳುವಾಗ ಏಳಿ, ಕೂತಾಗ ಕೂತ್ಕೊಳ್ಳಿ, ಮೊಣಕಾಲೂರುವಾಗ ಆಗದಿದ್ರೆ ಸುಮ್ಮನೆ ತಲೆಬಗ್ಗಿಸಿ ಕೂತ್ರೂ ಸಾಕು. ನನಗೆ ಮೊದಲ ಸಲ ಹಾಡಿನ ಪುಸ್ತಕ ತಲೆಕೆಳಗೋ ಸರಿಯೋ ಅಂತಲೂ ಗೊತ್ತಾಗ್ಲಿಲ್ಲ, ಬದಿಯಲ್ಲಿದ್ದ ಮುದಿ ಬಾಯಮ್ಮ ಒಬ್ರು ನನ್ನ ಮುಖ ಕೂಡ ನೋಡದೆ ಪುಸ್ತಕ ಎಳ್ಕೊಂಡು, ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿ, ನಂಬರಿನ ಮೇಲೆ ಉಗುರಿನಿಂದ ಕುಟ್ಟಿ ವಾಪಸ್ ಕೊಟ್ರು, ಮುಂದಿನ ಹಾಡಿಗೂ ಹಾಗೇ, ಕೊನೆವರೆಗೆ ಒಂದು ಮಾತಿಲ್ಲ. ಪರಮಪ್ರಸಾದಕ್ಕೆ, ಅಂದ್ರೆ ಪೂಜೆಯಲ್ಲಿ ಕೊಡುವ ರೊಟ್ಟಿಗೆ, ಜನ ಲೈನಲ್ಲಿ ಹೋಗುವಾಗ ನೀವು ಹೋಗ್ಬೇಡಿ, ಅದು ದೀಕ್ಷಾಸ್ನಾನ (ಕ್ರೈಸ್ತರಾಗುವ ನೀರಿನ ಸಂಸ್ಕಾರ) ಆಗಿ ಸಿದ್ಧರಾದವರಿಗೆ. ಜಾಗದಲ್ಲೇ ಕೂತಿರಿ, ಯಾರೂ ಕೆಟ್ಟದಾಗಿ ನೋಡುದಿಲ್ಲ, ಬೇರೆ ಬೇರೆ ಕಾರಣಕ್ಕೆ ಕೂತಿರುವವರು ಇನ್ನೂ ನಾಲ್ಕು ಜನ ಇರ್ತಾರೆ.

ಕೆಲವು ವಾರ ಹೋದ ಮೇಲೆ ಫಾದರ್ ಹತ್ರವೋ ಪಾಸ್ಟರ್ ಹತ್ರವೋ ಮಾತಾಡ್ಬೇಕು ಅನ್ನಿಸ್ತದೆ. ಪೂಜೆ ಮುಗಿದ ಗಡಿಬಿಡಿಯಲ್ಲಿ ಬೇಡ, ವಾರದ ಮಧ್ಯೆ ಟೈಮ್ ಕೇಳಿ ಹೋಗಿ. ಇಲ್ಲಿ ಕಣ್ಣು ತೆರೆದಿಟ್ಟುಕೊಳ್ಳಿ ಮಾರಾಯ್ರೆ. ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸು, ನಂಬಿಕೆ ಸಾಕು ಅನ್ನುವವ ಸಿಕ್ಕಿದ್ರೆ ಎದ್ದು ಬನ್ನಿ. ಇಷ್ಟು ಕಾನಿಕೆ ಹಾಕಿದ್ರೆ ಸಾಲ ತೀರ್ತದೆ ಅನ್ನುವವನ ಹತ್ರ ಕೂಡ ಅಷ್ಟೆ, ಚಾ ಕೂಡ ಕುಡೀಬೇಡಿ. ನಿನ್ನ ಕಷ್ಟ ಎಲ್ಲ ನಿನ್ನ ಪಾಪದ ಫಲ, ನಿನ್ನ ಅಪ್ಪ ಅಮ್ಮನ ಪಾಪದ ಫಲ ಅಂತ ಶುರು ಮಾಡುವವರಿಗೆ ಯೋಹಾನ 9 ತೆಗೆದು ತೋರಿಸಿ. ಹುಟ್ಟು ಕುರುಡನನ್ನು ನೋಡಿ ಇವನು ಪಾಪ ಮಾಡಿದ್ದಾ ಇವನ ಹೆತ್ತವರಾ ಅಂತ ಶಿಷ್ಯರು ಕೇಳಿದ್ರೆ ಇವನೂ ಅಲ್ಲ, ಹೆತ್ತವರೂ ಅಲ್ಲ ಅಂತ ಯೇಸುವೇ ಹೇಳಿದ್ದು. ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಹೊಡೆದ ಊರು ನಮ್ಮದು, 2000ದವರೆಗೆ ಹೊಡೆದ್ರು, ಪಡ್ರೆ, ಎಣ್ಮಕಜೆ ಕಡೆ ಆ ವಿಷದಿಂದ ನರಳಿದ ಮಕ್ಕಳನ್ನು ಕಣ್ಣಾರೆ ಕಂಡವರ ಎದುರು ಪಾಪದ ಲೆಕ್ಕ ಹೇಳ್ಲಿಕ್ಕೆ ಬಂದ್ರೆ ಹೇಗೆ?

ಒಳ್ಳೆ ಫಾದರ್ ಆದ್ರೆ ಅವರೇ ನಿಮ್ಮನ್ನು ನಿಧಾನ ಮಾಡಿಸ್ತಾರೆ. ಕೆಥೊಲಿಕರಲ್ಲಿ ದೊಡ್ಡವರು ಬರುವಾಗ ತಿಂಗಳುಗಟ್ಟಲೆ ಧರ್ಮೋಪದೇಶ ಇರ್ತದೆ, ದೀಕ್ಷಾಸ್ನಾನ ಸಾಮಾನ್ಯವಾಗಿ ಈಸ್ಟರ್ ಹಿಂದಿನ ರಾತ್ರಿಯ ಜಾಗರಣೆಯಲ್ಲಿ. ಪೆಂತೆಕೊಸ್ತಿನವರಲ್ಲಿ ನೀರಿನಲ್ಲಿ ಮುಳುಗಿಸುದು, ಕೆಲವು ಕಡೆ ತುಂಬಾ ಬೇಗ ಮಾಡ್ತಾರೆ, ಆಗ ನೀವೇ ಬ್ರೇಕ್ ಹಾಕ್ಬೇಕು. ಸಂತ ಅಗಸ್ಟಿನ್ ಮಿಲಾನಿನ ತೋಟದಲ್ಲಿ ಅತ್ತು ಮನಸ್ಸು ತಿರುಗಿಸಿದ್ದು 386ರಲ್ಲಿ, ದೀಕ್ಷಾಸ್ನಾನ 387ರ ಈಸ್ಟರಿಗೆ, ಅಷ್ಟು ದೊಡ್ಡವರೇ ಕಾದಿದ್ದಾರೆ. 1521ರಲ್ಲಿ ಫಿರಂಗಿ ಗುಂಡಿಗೆ ಕಾಲು ಮುರ್ಕೊಂಡು ಮಲಗಿದಲ್ಲೇ ಮನಸ್ಸು ಬದಲಾದ ಸಂತ ಇಗ್ನೇಷಿಯಸ್ ಲೊಯೋಲಾ (ಜೆಸ್ವಿಟ್ ಸಂಘ ಕಟ್ಟಿದವರು) ಹೇಳಿದ್ದು ಇನ್ನೂ ಉಪಯೋಗದ್ದು, ಮನಸ್ಸು ಪೂರ್ತಿ ಕುಸಿದಿರುವಾಗ ಹೊಸ ನಿರ್ಧಾರ ಮಾಡ್ಬೇಡ, ಮೊದಲು ಸಮಾಧಾನದಲ್ಲಿದ್ದಾಗ ಮಾಡಿದ್ದರಲ್ಲೇ ನಿಲ್ಲು ಅಂತ. ಅಳು ಬರುವ ದಿನ ಹೌದು ಅಂದದ್ದನ್ನು ಹೊಟ್ಟೆ ತುಂಬಿ ನಿದ್ದೆ ಆದ ದಿನ ಇನ್ನೊಂದು ಸಲ ಕೇಳ್ಕೊಳ್ಳಿ, ಆಗಲೂ ಹೌದೇ ಬಂದ್ರೆ ಮುಂದೆ ಹೋಗಿ.

ಕಾಗದದ ವಿಷಯ ಒಂದುಂಟು, ಇದನ್ನು ಚರ್ಚಿನಲ್ಲಿ ಎಲ್ಲರೂ ಹೇಳುದಿಲ್ಲ. ಎಸ್‌ಸಿ ಸರ್ಟಿಫಿಕೇಟ್ ಇರುವವರು ಕ್ರೈಸ್ತರಾದ್ರೆ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಆ ಮೀಸಲಾತಿ ಹೋಗ್ತದೆ, ಅದು ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಎಸ್‌ಟಿಯವರಿಗೆ ಈ ಧರ್ಮದ ಷರತ್ತು ಇಲ್ಲ. ಇದು ನ್ಯಾಯವಾ ಅಂದ್ರೆ ನನಗೆ ಅಲ್ಲ ಅಂತಲೇ ಕಾಣ್ತದೆ, ಆದ್ರೆ ಮಕ್ಕಳ ಸ್ಕಾಲರ್‌ಶಿಪ್ಪಿನ ಪ್ರಶ್ನೆ, ಗೊತ್ತಿದ್ದು ಹೆಜ್ಜೆ ಇಡಿ.

ಮನೆಯವರಿಗೆ ಹೇಳುದು ಎಲ್ಲಕ್ಕಿಂತ ಕಷ್ಟ. ಮೊದಲ ವಾರವೇ ಫ್ಯಾಮಿಲಿ ಗ್ರೂಪಿಗೆ ಬೈಬಲ್ ವಾಕ್ಯ ಹಾಕ್ಲಿಕ್ಕೆ ಹೋಗ್ಬೇಡಿ. ಅಮ್ಮ ದೀಪ ಹಚ್ಚುವಾಗ ಅದೆಲ್ಲ ಸುಳ್ಳು ಅಂತ ಬಾಯಿ ಹಾಕ್ಬೇಡಿ, ಅವರ ದೀಪದ ಎದುರು ಅವರು ನಿಮಗಾಗಿ ಅತ್ತದ್ದು ನಿಮಗೆ ಗೊತ್ತಿರ್ಲಿಕ್ಕಿಲ್ಲ. ತರವಾಡಿನ (ಕುಟುಂಬದ ಮೂಲಮನೆಯ) ಭೂತಕೋಲ ಬಂದ್ರೆ ಹೋಗುದಾ ಬೇಡವಾ, ಪ್ರಸಾದ ತಿನ್ನುದಾ ಬೇಡವಾ ಅಂತ ಪ್ರಶ್ನೆ ಬಂದೇ ಬರ್ತದೆ, ಆ ಕಾಲದಲ್ಲಿ ಕೊರಿಂಥ ಅನ್ನುವ ಪೇಟೆಯ ಹೊಸ ಕ್ರೈಸ್ತರಿಗೂ ಇದೇ ತಲೆಬಿಸಿ ಇತ್ತು, ಬೈಬಲಿನಲ್ಲಿ ಅಪೊಸ್ತಲ ಪೌಲ ಅವರಿಗೆ ಬರೆದ ಮೊದಲ ಪತ್ರದ 8 ಮತ್ತೆ 10ನೇ ಅಧ್ಯಾಯದಲ್ಲಿ ಉದ್ದಕ್ಕೆ ಬರೆದಿದ್ದಾನೆ, ಅದನ್ನು ಓದಿ ನಿಮ್ಮ ಫಾದರ್ ಹತ್ರ ಕೇಳಿ, ಒಂದೊಂದು ಸಭೆಯವರು ಒಂದೊಂದು ರೀತಿ ಹೇಳ್ತಾರೆ. ನಾನು ಹೋಗ್ತೇನೆ, ಪೂಜೆ ಕಾರ್ಯಕ್ಕೆ ಸೇರುದಿಲ್ಲ, ಚಪ್ಪರ ಹಾಕ್ಲಿಕ್ಕೆ, ಬಡಿಸ್ಲಿಕ್ಕೆ ಸೇರ್ತೇನೆ. ದೊಡ್ಡಪ್ಪ ಎರಡು ವರ್ಷ ಮಾತು ಬಿಟ್ಟಿದ್ರು, ಈಗ ಸಾರಿನ ಬಕೆಟ್ ನನ್ನ ಕೈಗೇ ಕೊಡ್ತಾರೆ.