ಪತ್ತನಾಜೆಯಿಂದ ನವರಾತ್ರಿಯವರೆಗೆ: ಸಂಗೀತವನ್ನೇ ವೃತ್ತಿಯಾಗಿಸಿಕೊಂಡವರು ಮನಸ್ಸನ್ನೂ ಬದುಕನ್ನೂ ಕಾಪಾಡಿಕೊಳ್ಳುವ ಬಗೆ

ತುಳುವರ ಬೇಷ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಆಸುಪಾಸಿನಲ್ಲಿ ಬರುವ ಪತ್ತನಾಜೆಗೆ ನಮ್ಮ ಕಾಸರಗೋಡು ಕಡೆಯ ಜಾತ್ರೆ, ಉತ್ಸವಗಳೆಲ್ಲ ಮುಗಿಯುತ್ತವೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಬ್ರಹ್ಮಕಲಶದ ಚಪ್ಪರಗಳು ಇಳಿಯುತ್ತವೆ, ಕುಂಬಳೆ, ಬದಿಯಡ್ಕ, ಪೆರ್ಲ, ಮಂಜೇಶ್ವರದ ಸಂಗೀತಗಾರರನ್ನು ಕಛೇರಿಗೆ ಕರೆಯುವ ಫೋನುಗಳೂ ನಿಲ್ಲುತ್ತವೆ. ಎಡನೀರು ಮಠದ ಚಾತುರ್ಮಾಸ್ಯದಂಥ ಸಂದರ್ಭಗಳು, ಅಷ್ಟಮಿ, ಚೌತಿಯ ಒಂದೆರಡು ಕಾರ್ಯಕ್ರಮಗಳನ್ನು ಬಿಟ್ಟರೆ ನವರಾತ್ರಿಯವರೆಗಿನ ನಾಲ್ಕು ತಿಂಗಳು ಬಹುತೇಕ ಖಾಲಿ. ಇಪ್ಪತ್ತು ವರ್ಷಗಳಿಂದ ಪಿಟೀಲು ಪಕ್ಕವಾದ್ಯವನ್ನೇ ಜೀವನೋಪಾಯ ಮಾಡಿಕೊಂಡಿರುವ ನನಗೆ ತಿಳಿದಂತೆ, ನಮ್ಮವರ ಮನಸ್ಸು ಕುಗ್ಗುವುದು ವೇದಿಕೆಯ ಮೇಲಿಗಿಂತ ಹೆಚ್ಚಾಗಿ ಈ ನಾಲ್ಕು ತಿಂಗಳಲ್ಲಿ. ಆಗ ಕುಗ್ಗಿದ ಮನಸ್ಸೇ ಮುಂದೆ ವೇದಿಕೆಯಲ್ಲಿ ಕೈಯನ್ನು ನಡುಗಿಸುತ್ತದೆ. ಆದ್ದರಿಂದ ಸಭಾಕಂಪಕ್ಕೂ ಸಂಪಾದನೆಗೂ ಬೇಕಾದ ಸಿದ್ಧತೆಯನ್ನು ಮಳೆಗಾಲದಲ್ಲೇ ಒಟ್ಟಿಗೆ ಮಾಡಿಕೊಳ್ಳಬೇಕೆಂಬುದು ನನ್ನ ಸಲಹೆ.

ಈ ಸಲಹೆಯ ಹಿಂದೆ ನನ್ನದೇ ಒಂದು ಅನುಭವವಿದೆ. ಒಂದು ವರ್ಷ ಮಳೆಗಾಲವಿಡೀ ದಿನಕ್ಕೆ ನಾಲ್ಕು ಗಂಟೆ ತಪ್ಪದೆ ಸಾಧನೆ ಮಾಡಿದ್ದೆ. ನವರಾತ್ರಿಯ ಮೊದಲ ಕಛೇರಿಯಲ್ಲಿ ಗಾಯಕರು ಭೈರವಿ ಅಟತಾಳ ವರ್ಣವನ್ನು ಸಾವಕಾಶವಾಗಿ ಎತ್ತಿಕೊಂಡರು. ಮೊದಲನೆಯ ದೀರ್ಘ ಸ್ವರಕ್ಕೆ ಕಮಾನನ್ನು ಎಳೆಯತೊಡಗಿದಾಗ ಅದರ ನಡುಭಾಗ ತಂತಿಯ ಮೇಲೆ ಪುಟಿಯಲು ಆರಂಭಿಸಿತು. ಹಿಡಿತ ಬಿಗಿ ಮಾಡಿದಷ್ಟೂ ನಡುಕ ಹೆಚ್ಚಿತು. ಬಲಗೈಯ ಕಿರುಬೆರಳು ಮರಗಟ್ಟಿ ನಿಂತದ್ದು ಈಗಲೂ ಕಣ್ಣ ಮುಂದಿದೆ. ಮನೆಯಲ್ಲಿ ಒಂದು ದಿನವೂ ಹೀಗಾಗಿರಲಿಲ್ಲ. ಎಷ್ಟೋ ದಿನಗಳ ನಂತರ ನನಗೆ ಹೊಳೆದ ಕಾರಣ ಬಹಳ ಸರಳವಾದದ್ದು: ನಾನು ನಾಲ್ಕು ತಿಂಗಳು ನುಡಿಸುವ ಅಭ್ಯಾಸ ಮಾಡಿದ್ದೆ, ಎದುರಿಗೆ ಜನರಿರುವಾಗ ನುಡಿಸುವ ಅಭ್ಯಾಸವನ್ನು ಒಂದು ದಿನವೂ ಮಾಡಿರಲಿಲ್ಲ. ಅದರ ಜೊತೆಗೆ, ಈ ಕಛೇರಿ ಕೆಟ್ಟರೆ ಋತುವಿನ ಉಳಿದ ಕರೆಗಳೂ ಬರಲಾರವೆಂಬ ಲೆಕ್ಕಾಚಾರ ಒಳಗೊಳಗೇ ನಡೆದಿತ್ತು.

ವೇದಿಕೆಯ ಮೇಲೆ ಬಾಯಿ ಒಣಗುವುದು, ಅಂಗೈ ತಣ್ಣಗಾಗುವುದು, ಎದೆ ಬಡಿದುಕೊಳ್ಳುವುದು ದೌರ್ಬಲ್ಯದ ಗುರುತಲ್ಲ. ಅಪಾಯ ಎದುರಾದಾಗ ಮೈಗೆ ಶಕ್ತಿ ಕೊಡುವ ಅಡ್ರಿನಲಿನ್ ಎಂಬ ರಸ ಆಗಲೂ ಸುರಿಯುತ್ತದೆ. ಅದು ದೊಡ್ಡ ಸ್ನಾಯುಗಳಿಗೆ ಉಪಕಾರಿ, ಕಮಾನು ಹಿಡಿದ ಬೆರಳುಗಳ ನಯವಾದ ಕೆಲಸಕ್ಕೆ ತೊಡಕು. ಅದನ್ನು ಅದುಮಿಡಲು ಹೆಣಗುವುದರ ಬದಲು ಅದಕ್ಕೆ ಬೇರೆ ಹೆಸರು ಕೊಡುವುದು ಸುಲಭ. 2014ರಲ್ಲಿ ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಾಡುವ ಮೊದಲು ‘ನನಗೆ ಉತ್ಸಾಹವಾಗಿದೆ’ ಎಂದು ಹೇಳಿಕೊಂಡವರು ‘ನನಗೆ ಆತಂಕವಾಗಿದೆ’ ಎಂದು ಹೇಳಿಕೊಂಡವರಿಗಿಂತ ಸರಿಯಾಗಿ ಹಾಡಿದರು. ಇದರೊಂದಿಗೆ ಉಸಿರಿನ ಕ್ರಮವನ್ನೂ ರೂಢಿಸಿಕೊಳ್ಳಿ. ಆದಿತಾಳದ ಅರ್ಧ ಆವರ್ತನದಷ್ಟು, ಅಂದರೆ ನಾಲ್ಕು ಅಕ್ಷರ ಕಾಲ, ಉಸಿರು ಎಳೆದುಕೊಂಡು ಪೂರ್ಣ ಆವರ್ತನದ ಎಂಟು ಅಕ್ಷರ ಕಾಲ ಬಿಡಿ. ಹೀಗೆ ಹತ್ತು ಸಲ ಮಾಡಿದರೆ ಎದೆಬಡಿತ ಹದಕ್ಕೆ ಬರುತ್ತದೆ; ನಮಗೆ ತಾಳ ಮೈಗತವಾಗಿರುವುದರಿಂದ ಎಣಿಸುವ ಶ್ರಮವೂ ಇಲ್ಲ. ನಡುಕ ತಡೆಯಲು ಪ್ರೊಪ್ರನಲಾಲ್ ಎಂಬ ಮಾತ್ರೆ ಸೇವಿಸುವ ಕಲಾವಿದರಿದ್ದಾರೆ. ಅದನ್ನು ವೈದ್ಯರನ್ನು ಕೇಳದೆ, ಇನ್ನೊಬ್ಬರ ಕೈಯಿಂದ ಪಡೆದು ನುಂಗಬೇಡಿ. ಉಬ್ಬಸ ಇರುವವರಿಗೆ ಅದು ಅಪಾಯಕಾರಿ.

ಎದುರಿಗೆ ಜನರಿರುವಾಗ ನುಡಿಸುವ ಅಭ್ಯಾಸವನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಮಾಡಬೇಕು. ದಿನ, ಹೊತ್ತುಗಳನ್ನು ಗೊತ್ತುಮಾಡಿಕೊಂಡು, ಕಛೇರಿಗೆ ಉಡುವ ಬಟ್ಟೆಯನ್ನೇ ಉಟ್ಟು, ಮನೆಯ ಚಾವಡಿಯಲ್ಲಿ ಚಾಪೆ ಹಾಸಿ, ನೆರೆಕರೆಯ ಇಬ್ಬರನ್ನಾದರೂ ಕೂರಿಸಿಕೊಂಡು ಒಂದು ಗಂಟೆ ಹಾಡಬೇಕು ಅಥವಾ ನುಡಿಸಬೇಕು. ಅವರಿಗೆ ಸಂಗೀತ ತಿಳಿದಿರಬೇಕೆಂದಿಲ್ಲ. ಇದಕ್ಕೆ ಇರಬೇಕಾದ ಏಕೈಕ ನಿಯಮವೆಂದರೆ ಎಲ್ಲಿ ತಪ್ಪಿದರೂ ನಿಲ್ಲಿಸಬಾರದು. ಸಾಧನೆಯಲ್ಲಿ ನಾವು ತಪ್ಪಿದಲ್ಲಿಗೆ ಮರಳಿ ತಿದ್ದಿಕೊಳ್ಳುತ್ತೇವೆ. ಕಛೇರಿಯಲ್ಲಿ ಬೇಕಾದದ್ದು ತಪ್ಪಿದ ಮೇಲೂ ಮುಂದಿನ ಸಮವನ್ನು, ಅಂದರೆ ತಾಳದ ಮೊದಲ ಪೆಟ್ಟನ್ನು, ಹಿಡಿಯುವ ಕೌಶಲ, ಅದು ಪ್ರತ್ಯೇಕವಾಗಿಯೇ ಕಲಿಯಬೇಕಾದದ್ದು. ಪಕ್ಕವಾದ್ಯದವರ ಕಷ್ಟ ಇನ್ನೂ ಒಂದು ತೂಕ ಹೆಚ್ಚು, ಏಕೆಂದರೆ ಗಾಯಕರು ಯಾವ ರಾಗ ಎತ್ತಿಕೊಳ್ಳುತ್ತಾರೆಂಬುದು ಅನೇಕ ವೇಳೆ ವೇದಿಕೆಯಲ್ಲೇ ತಿಳಿಯುತ್ತದೆ. ಅಂಥವರು ಹಿಂದೆ ಕೇಳದ ಧ್ವನಿಮುದ್ರಣಗಳನ್ನು ಬೇರೆ ಬೇರೆ ಶ್ರುತಿಗಳಲ್ಲಿ ಹಾಕಿಕೊಂಡು, ಆಲಾಪನೆಯನ್ನು ಮೊದಲ ಕೇಳ್ವೆಯಲ್ಲೇ ಹಿಂಬಾಲಿಸಬೇಕು. ವಾರದ ಆ ಒಂದು ಗಂಟೆಯನ್ನು ಫೋನಿನಲ್ಲಿ ಮುದ್ರಿಸಿಕೊಳ್ಳಿ, ಆದರೆ ಅಂದೇ ಕೇಳಬೇಡಿ. ಮರುದಿನ ಕೇಳಿ, ಚೆನ್ನಾಗಿ ಬಂದ ಒಂದು ಜಾಗವನ್ನೂ ತಿದ್ದಬೇಕಾದ ಒಂದು ಜಾಗವನ್ನೂ ಬರೆದಿಟ್ಟುಕೊಳ್ಳಿ. ಕೊರತೆಗಳ ಪಟ್ಟಿಯನ್ನಷ್ಟೇ ಬೆಳೆಸುತ್ತ ಹೋದ ಪುಸ್ತಕವೊಂದು ನನ್ನಲ್ಲಿತ್ತು. ಅದು ನನಗೆ ಯಾವ ಉಪಕಾರವನ್ನೂ ಮಾಡಲಿಲ್ಲ.

ಇನ್ನು ಹಣದ ವಿಷಯ. ಇದನ್ನು ಮಾತನಾಡುವುದೇ ವಿದ್ಯೆಗೆ ಅಪಚಾರವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ, ಅದರಿಂದ ನಷ್ಟವಾದದ್ದು ವಿದ್ಯೆಗೇ. ಪತ್ತನಾಜೆಯ ಮರುವಾರ ಒಂದು ಪುಸ್ತಕ ತೆರೆದು, ಕಳೆದ ಋತುವಿನ ಪ್ರತಿ ಕಛೇರಿಯ ಸಂಭಾವನೆ, ಪ್ರಯಾಣದ ಖರ್ಚು, ತಂತಿ ಮತ್ತು ರಿಪೇರಿಯ ವೆಚ್ಚ, ಪಾಠದ ಶುಲ್ಕ ಎಲ್ಲವನ್ನೂ ಬರೆಯಿರಿ. ಎಂಟು ತಿಂಗಳಲ್ಲಿ ಖರ್ಚು ಕಳೆದು 2,40,000 ರೂಪಾಯಿ ಉಳಿದಿದ್ದರೆ ಅದು ತಿಂಗಳಿಗೆ 30,000 ಎಂದು ತೋರುತ್ತದೆ; ಆದರೆ ವರ್ಷಕ್ಕೆ ಹನ್ನೆರಡು ತಿಂಗಳಿರುವುದರಿಂದ ನಿಮ್ಮ ನಿಜವಾದ ತಿಂಗಳ ಆದಾಯ 20,000 ಮಾತ್ರ. ಋತುವಿನ ಪ್ರತಿ ತಿಂಗಳೂ ಮೂರರಲ್ಲೊಂದು ಪಾಲನ್ನು ಬೇರೆ ಖಾತೆಗೆ ಹಾಕಿದರೆ ಮಳೆಗಾಲದ ಮನೆವಾರ್ತೆ ನಡೆಯುತ್ತದೆ. ಅಡಿಕೆ ತೋಟ ಇರುವ ಮನೆಗಳಲ್ಲಿ ಹಿರಿಯರು ಕೊಯಿಲಿನ ಹಣವನ್ನು ವರ್ಷಕ್ಕೆ ಹಂಚುತ್ತಿದ್ದದ್ದು ಇದೇ ಕ್ರಮದಲ್ಲಿ. ನನ್ನ ಮಟ್ಟಿಗಂತೂ ಈ ಖಾತೆ ಆರಂಭವಾದ ವರ್ಷದಿಂದ ಒಂದು ಕಛೇರಿಯ ಮೇಲೆ ಬದುಕೆಲ್ಲ ನಿಂತಿದೆಯೆಂಬ ಭಯ ಬಹಳ ಕಡಿಮೆಯಾಯಿತು.

ಸಂಭಾವನೆಯನ್ನು ಕರೆ ಬಂದ ದಿನವೇ ಕೇಳಿ ತಿಳಿದುಕೊಳ್ಳಬೇಕು. ಶಾಲು, ಹಣ್ಣು, ಲಕೋಟೆ ಕೈಗೆ ಬಂದ ಮೇಲೆ, ಅದರಲ್ಲಿರುವುದು ಹೋಗಿಬರುವ ಕಾರಿನ ಬಾಡಿಗೆಗೂ ಸಾಲದೆಂದು ದಾರಿಯಲ್ಲಿ ತಿಳಿದು ಕುದಿಯುವುದರಿಂದ ಯಾರಿಗೂ ಒಳಿತಿಲ್ಲ. ‘ತಾರೀಕು ಖಾಲಿ ಇದೆ, ಬರಲು ಸಂತೋಷ. ಪ್ರಯಾಣದ ಖರ್ಚು ಹೊರತುಪಡಿಸಿ ನನ್ನ ಸಂಭಾವನೆ ಇಷ್ಟು. ನಿಮಗೆ ಅನುಕೂಲವಾಗುವುದಾದರೆ ಈ ವಾರದೊಳಗೆ ತಿಳಿಸಿ’ ಎಂಬ ಮೂರು ವಾಕ್ಯ ಸಾಕು. ಹುಟ್ಟೂರ ದೇವಸ್ಥಾನದಲ್ಲೋ ಗುರುಗಳ ಮನೆಯಲ್ಲೋ ಸೇವೆಯೆಂದು ನುಡಿಸುವುದಿದ್ದರೆ ಸಂಪೂರ್ಣ ಸೇವೆಯಾಗಿಯೇ ನುಡಿಸಿ. ಸೇವೆ ಯಾವುದು, ವೃತ್ತಿ ಯಾವುದು ಎಂಬುದನ್ನು ನೀವೇ ಮೊದಲು ತೀರ್ಮಾನಿಸಿಕೊಂಡರೆ ಎರಡರಲ್ಲೂ ಮನಸ್ಸು ಕಹಿಯಾಗುವುದಿಲ್ಲ.

ವೃತ್ತಿಯ ದಾರಿಗಳನ್ನು ಅಗಲ ಮಾಡಿಕೊಳ್ಳಲೂ ಇದೇ ಸಮಯ. ಗಡಿನಾಡಿನಲ್ಲಿರುವ ನಾವು ಕೇರಳಕ್ಕೂ ಬೇಡ, ಕರ್ನಾಟಕಕ್ಕೂ ಬೇಡ ಎಂದು ನೊಂದುಕೊಳ್ಳುವುದುಂಟು. ಆ ನೋವು ಸುಳ್ಳಲ್ಲ. ಆದರೂ ಎರಡು ಕಡೆಯ ಬಾಗಿಲು ತಟ್ಟುವ ಭಾಷೆ ನಮಗೆ ಗೊತ್ತಿದೆ. ತೃಶ್ಶೂರಿನ ಕೇರಳ ಸಂಗೀತ ನಾಟಕ ಅಕಾಡೆಮಿ, ಬೆಂಗಳೂರಿನ ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿ ಮತ್ತು ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಗಳ ಪ್ರಕಟಣೆಗಳನ್ನು ಗಮನಿಸುತ್ತಿರಬೇಕು. ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ 18ರಿಂದ 25 ವಯಸ್ಸಿನವರಿಗೆ, ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ಸಿಗುವಂಥದ್ದು. 25ರಿಂದ 40ರವರಿಗೆ 10,000 ರೂಪಾಯಿಯ, 40 ದಾಟಿದವರಿಗೆ 20,000 ರೂಪಾಯಿಯ ಫೆಲೋಶಿಪ್ ಇದೆ. ಅರ್ಜಿ ಹಾಕುವಾಗ ಆ ವರ್ಷದ ಪ್ರಕಟಣೆಯನ್ನೇ ಓದಿಕೊಳ್ಳಿ. ಆಕಾಶವಾಣಿಯ ಬಿ, ಬಿ-ಹೈ, ಎ, ಟಾಪ್ ಎಂಬ ಶ್ರೇಣಿಗಳಿಗೆ ಇಂದಿಗೂ ಬೆಲೆಯಿದೆ. ಅದರ ಧ್ವನಿಪರೀಕ್ಷೆಯಲ್ಲಿ (ಆಡಿಷನ್) ಒಮ್ಮೆ ಉತ್ತೀರ್ಣರಾಗದಿದ್ದರೆ ಅದನ್ನು ವಿದ್ವತ್ತಿನ ಮೇಲಿನ ತೀರ್ಪೆಂದು ಭಾವಿಸದೆ ಮತ್ತೆ ಅರ್ಜಿ ಹಾಕಿ. ಕಾರ್ಯಕ್ರಮದ ಆಮಂತ್ರಣ ಪತ್ರಿಕೆ, ಪತ್ರಿಕಾ ವರದಿ, ಪ್ರಮಾಣಪತ್ರಗಳನ್ನು ದಿನಾಂಕದ ಕ್ರಮದಲ್ಲಿ ಒಂದು ಕಡತದಲ್ಲಿಟ್ಟಿರಿ. ಎಲ್ಲ ಅರ್ಜಿಗಳೂ ಮೊದಲು ಕೇಳುವುದು ಅವನ್ನೇ.

ಪಾಠ ಹೇಳುವವರು ಕೇರಳದ ಶಾಲಾ ಮಕ್ಕಳ ಕಲಾಸ್ಪರ್ಧೆಯಾದ ಕಲೋತ್ಸವದ ಕಾಲದಲ್ಲಿ ಮಕ್ಕಳ ಮೇಲೂ ಒಂದು ಕಣ್ಣಿಡಬೇಕು. 2019ರಲ್ಲಿ ಕಾಞಂಗಾಡಿನಲ್ಲಿ ರಾಜ್ಯ ಕಲೋತ್ಸವ ನಡೆದಾಗ ನಮ್ಮ ಜಿಲ್ಲೆಗೆ ಬಂದ ಸಂಭ್ರಮ ದೊಡ್ಡದು. ಆದರೆ ‘ಎ ಗ್ರೇಡ್ ಬಾರದಿದ್ದರೆ ಪಾಠ ನಿಲ್ಲಿಸುತ್ತೇವೆ’ ಎನ್ನುವ ಹೆತ್ತವರ ಮಾತು ಕೇಳಿಸಿಕೊಂಡ ಮಗುವಿನ ಕಂಠ ಹೇಗೆ ತೆರೆದುಕೊಂಡೀತು? ಅಂಥ ಮಾತು ಬಂದಾಗ ಗುರುಗಳು ಹೆತ್ತವರನ್ನೇ ಕರೆದು ಕೂರಿಸಿ ಮಾತನಾಡಬೇಕು.

ದೇಹದ ನೋವನ್ನು ಸಾಧನೆಯ ಅಂಗವೆಂದು ಸಹಿಸಬೇಡಿ. ಅರ್ಧ ಗಂಟೆಗೊಮ್ಮೆ ವಾದ್ಯ ಕೆಳಗಿಟ್ಟು ಎದ್ದು ನಡೆಯಿರಿ. ಬೆರಳು ಮರಗಟ್ಟುವುದು, ಕಂಠ ಮೂರು ವಾರ ಒಡೆದೇ ಇರುವುದು ಕಂಡರೆ ವೈದ್ಯರನ್ನು ನೋಡಲೇಬೇಕು. ಚೆಂಡೆ, ಮದ್ದಳೆಯವರ ಪಕ್ಕದಲ್ಲಿ ವರ್ಷಗಟ್ಟಲೆ ಕೂರುವವರ ಕಿವಿಯಲ್ಲಿ ಗುಂಯ್‌ಗುಟ್ಟುವ ಸದ್ದು ಉಳಿದುಬಿಟ್ಟರೆ ಅದೂ ತೋರಿಸಬೇಕಾದ ಲಕ್ಷಣವೇ. ಅಮೆರಿಕದ ಪಿಯಾನೋ ವಾದಕ ಲಿಯಾನ್ ಫ್ಲೈಷರ್ 1960ರ ದಶಕದ ಮಧ್ಯದಲ್ಲಿ ಬಲಗೈಯ ಬೆರಳುಗಳು ಮಡಚಿಕೊಂಡು ನುಡಿಸಲಾಗದಂತಾದಾಗ ಮೊದಲು ತೀವ್ರ ನಿರಾಶೆಗೆ ಒಳಗಾದರು. ಬಳಿಕ ಎಡಗೈಗೆಂದೇ ರಚಿತವಾದ ಕೃತಿಗಳನ್ನು ನುಡಿಸಿ, ಪಾಠ ಹೇಳಿ, ವಾದ್ಯವೃಂದ ನಿರ್ದೇಶಿಸಿ ಸಂಗೀತದಲ್ಲೇ ಉಳಿದರು. 1990ರ ದಶಕದಲ್ಲಿ ಚಿಕಿತ್ಸೆಯ ನಂತರ ಎರಡೂ ಕೈಗಳಿಂದ ನುಡಿಸಲು ಮರಳಿದರು. ಸಂಗೀತದೊಳಗೇ ಎರಡನೆಯ ಕೆಲಸವೊಂದನ್ನು ಆರೋಗ್ಯವಾಗಿರುವಾಗಲೇ ಬೆಳೆಸಿಕೊಳ್ಳಿ. ಅದು ಪಾಠವಾಗಿರಬಹುದು, ಬರವಣಿಗೆಯಾಗಿರಬಹುದು, ವಾದ್ಯ ರಿಪೇರಿಯೂ ಆಗಿರಬಹುದು.

ಒಂಟಿತನದ ಬಗ್ಗೆ ಒತ್ತಿ ಹೇಳಬೇಕಾಗಿದೆ. ಮಳೆ ಹಿಡಿದ ಸಂಜೆಗಳಲ್ಲಿ ಬೇರೆಯವರ ಚೆನ್ನೈ, ಬೆಂಗಳೂರು ಕಛೇರಿಗಳ ವಿಡಿಯೋಗಳನ್ನು ಫೋನಿನಲ್ಲಿ ನೋಡುತ್ತ ಕೂತರೆ ತನ್ನದೆಲ್ಲ ವ್ಯರ್ಥವೆನಿಸುತ್ತದೆ. ಅದರ ಬದಲು ತಿಂಗಳಿಗೊಮ್ಮೆ ನಾಲ್ಕೈದು ಮಂದಿ ಒಬ್ಬರ ಮನೆಯಲ್ಲಿ ಸೇರಿ, ನುಡಿಸಿ, ಊಟ ಮಾಡಿ, ಸಂಭಾವನೆಯ ವಿಷಯವನ್ನೂ ಮುಚ್ಚುಮರೆಯಿಲ್ಲದೆ ಮಾತನಾಡಿ. ಎರಡು ವಾರಕ್ಕೂ ಮೀರಿ ನಿದ್ದೆ ಕೆಟ್ಟಿದ್ದರೆ, ವಾದ್ಯದ ಪೆಟ್ಟಿಗೆ ತೆರೆಯುವ ಮನಸ್ಸೇ ಬಾರದಿದ್ದರೆ, ಕುಡಿತವಿಲ್ಲದೆ ವೇದಿಕೆ ಹತ್ತಲಾಗದಿದ್ದರೆ ವೈದ್ಯರ ಸಹಾಯ ಬೇಕೆಂದೇ ಅರ್ಥ. ಸಾಯುವ ಯೋಚನೆ ಬಂದರೆ ಅದೇ ಗಳಿಗೆಯಲ್ಲಿ ಮನೆಯವರಿಗೆ ತಿಳಿಸಿ, ನೆರವು ಕೇಳಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ಮಲಯಾಳದಲ್ಲೂ ಮಾತನಾಡುವವರು ಸಿಗುತ್ತಾರೆ.

ನವರಾತ್ರಿಗೆ ಒಂದು ವಾರವಿರುವಾಗ ಹೊಸದನ್ನು ಕಲಿಯುವುದನ್ನು ನಿಲ್ಲಿಸಿ. ಮಳೆಯ ತೇವಕ್ಕೆ ಸಡಿಲಾದ ಕಮಾನಿನ ಕೂದಲು, ಉಬ್ಬಿ ಬಿಗಿಯಾದ ಬಿರಡೆಗಳನ್ನು ಸರಿಪಡಿಸಿಟ್ಟುಕೊಳ್ಳಿ. ಕಛೇರಿಯ ದಿನ ಮಧ್ಯಾಹ್ನ ಸ್ವಲ್ಪ ಮಲಗಿ, ಹೊಟ್ಟೆಗೆ ಹಗುರವಾದದ್ದನ್ನು ತಿಂದು, ಒಂದು ಗಂಟೆ ಮುಂಚಿತವಾಗಿ ತಲುಪಿ. ಮೈಕಿನವರನ್ನು ಮಾತನಾಡಿಸಿ, ಶ್ರುತಿ ಸೇರಿಸಿ, ಹತ್ತು ಸಲ ಆ ಕ್ರಮದಲ್ಲೇ ಉಸಿರಾಡಿ, ಮೊದಲ ದೀರ್ಘ ಸ್ವರಕ್ಕೆ ಕಮಾನನ್ನು ತುದಿಯಿಂದಲ್ಲ, ಹಿಡಿಯ ಹತ್ತಿರದಿಂದ ಎಳೆಯಿರಿ.