ಮಳೆಗಾಲದಲ್ಲೂ ನೀರಿನ ಪೇಂಟ್: ಭೋಸರಿಯ ನನ್ನ ಅನುಭವ

ನೀರಿನ ಬೇಸ್ ಕೋಟ್ (ಕಾರಿಗೆ ಬಣ್ಣ ಕೊಡುವ ಪದರ, ತಿನ್ನರ್ ಬದಲು ನೀರು ಬೆರೆಸಿದ್ದು) ಪುಣೆಯ ಮಳೆಯಲ್ಲಿ ಒಣಗುವುದೇ ಇಲ್ಲ ಅಂತ ಭೋಸರಿಯ ಪೇಂಟರ್‌ಗಳೆಲ್ಲ ಹೇಳಿದ್ದರು. ಈ ಜುಲೈನಲ್ಲಿ ನನ್ನ ಪೇಂಟಿಂಗ್ ಬೂತ್‌ನಿಂದ ಇಪ್ಪತ್ತರ ಹತ್ತಿರ ಕಾರು ಹೊರಬಿದ್ದವು. ಒಂದೂ ವಾಪಸ್ ಬಂದಿಲ್ಲ.

ನನಗೆ ಈ ನೀರಿನ ಪೇಂಟ್ ಹುಚ್ಚು ಹಿಡಿಸಿದ್ದು ಲಾಸ್ ಏಂಜಲೀಸ್ ಕಥೆ. 1950ರ ಸುಮಾರಿಗೆ ಅಲ್ಲಿ ಬೀದಿಯಲ್ಲಿ ನಿಂತರೆ ಕಣ್ಣು ಉರಿಯುತ್ತಿತ್ತಂತೆ. ಪೆಟ್ರೋಲ್ ಆವಿಯೂ ವಾಹನದ ಹೊಗೆಯೂ ಬಿಸಿಲಲ್ಲಿ ಸೇರಿ ಓಜೋನ್ ಎಂಬ ಕೆಟ್ಟ ಅನಿಲ ಆಗುತ್ತದೆ ಎಂದು ಹಾಗೆನ್-ಸ್ಮಿಟ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. 1966ರಲ್ಲಿ, ಇಂಥದೇ ಆವಿ ಬಿಡುವ ಸಾಲ್ವೆಂಟ್‌ಗಳಿಗೂ ಕಡಿವಾಣ ಬಿತ್ತು. ಸಾಲ್ವೆಂಟ್ ಅಂದರೆ ನಮ್ಮ ತಿನ್ನರೇ ಅಲ್ವಾ? ಅಲ್ಲಿ ಓಜೋನ್ ಇವತ್ತಿಗೂ ಮಿತಿ ದಾಟುತ್ತದೆ. ಆದರೆ ಆಗಿನ ಅರ್ಧಕ್ಕಿಂತ ಎಷ್ಟೋ ಕೆಳಗೆ ಬಂದಿದೆ.

ನಾನು ತಿಂಗಳಿಗೆ 60 ಲೀಟರ್ ತಿನ್ನರ್ ಗಾಳಿಗೆ ಬಿಡುತ್ತಿದ್ದೆ. ಎಚ್‌ವಿಎಲ್‌ಪಿ ಗನ್ (ಕಡಿಮೆ ಒತ್ತಡದಲ್ಲಿ ಜಾಸ್ತಿ ಗಾಳಿ ಬಿಡುವ ಸ್ಪ್ರೇ ಗನ್) ಹಿಡಿದ ಮೇಲೆ 45ಕ್ಕೆ ಇಳಿಯಿತು. ಗನ್ನಿನ ಮೂತಿಯ ಕ್ಯಾಪ್ ಹತ್ತಿರ ಗಾಳಿಯ ಒತ್ತಡ 10 ಪಿಎಸ್‌ಐ ದಾಟಿಸಬೇಡಿ, ಅಷ್ಟೇ. ನಿಜವಾದ ಕಷ್ಟ ಆಮೇಲೆ ಶುರುವಾಯಿತು.

ಹಳೆಯ ಗನ್ನಿನಲ್ಲೇ ನೀರಿನ ಪೇಂಟ್ ಹೊಡೆದೆ. ಒಳಗೆಲ್ಲ ತುಕ್ಕು. ಸ್ಟೇನ್‌ಲೆಸ್ ಸ್ಟೀಲ್ ಸೂಜಿ-ನಾಝಲ್‌ನ ಗನ್ನಿಗೆ 14 ಸಾವಿರ ಹೋಯಿತು. ಆಮೇಲೆ ಒಂದು ಸಿಲ್ವರ್ ಕಾರು. ಮೇಲೆ ಒಣಗಿದಂತೆ ಕಂಡಿತು, ಬಾಗಿಲ ಕೆಳಗಿನ ಅಂಚು ಹಸಿ ಇತ್ತು. ಅದರ ಮೇಲೆ ಕ್ಲಿಯರ್ (ಮೇಲಿನ ಬಣ್ಣವಿಲ್ಲದ ಹೊಳಪಿನ ಕೋಟ್) ಹೊಡೆದೆ. ಮರುದಿನ ಬಿಸಿಲಿಗೆ ಗುಳ್ಳೆಯೋ ಗುಳ್ಳೆ. ಕೆರೆದು ಮತ್ತೆ ಹೊಡೆದೆ, ಮತ್ತೆ ಗುಳ್ಳೆ. 11 ಸಾವಿರ ನೀರಿಗೆ ಬಿತ್ತು. ಗಿರಾಕಿಯ ಮೂರು ದಿನದ ರಿಕ್ಷಾ ಬಾಡಿಗೆಯನ್ನೂ ನಾನೇ ಕೊಟ್ಟೆ. "ಅಣ್ಣಾ, ಸಾಕು, ತಿನ್ನರ್‌ಗೇ ಹೋಗೋಣ" ಎಂದ ನನ್ನ ಹುಡುಗ.

ತಪ್ಪು ಎಲ್ಲಿತ್ತೆಂದರೆ, ನಾನು ಬರೀ ಶಾಖ ಕೊಡುತ್ತಿದ್ದೆ. ನೀರಿಗೆ ಓಡಾಡುವ ಗಾಳಿ ಬೇಕು. ಎರಡು ಬ್ಲೋವರ್ ತಂದೆ, ಕಂಪ್ರೆಸರ್‌ಗೆ ಗಾಳಿಯ ತೇವ ತೆಗೆಯುವ ಏರ್ ಡ್ರೈಯರ್ ಕೂರಿಸಿದೆ. ಮಳೆ ಇದ್ದರೆ ಬೂತ್‌ಗೆ ಬರುವ ಗಾಳಿಯನ್ನು ಕಾಲು ಗಂಟೆ ಮೊದಲೇ ಸ್ವಲ್ಪ ಬೆಚ್ಚಗೆ ಮಾಡುತ್ತೇನೆ. ಕೋಟ್ ತೆಳ್ಳಗೆ ಹೊಡೆದು, ಹಸಿ ಹೊಳಪು ಪೂರ್ತಿ ಸಾಯುವವರೆಗೆ ಕಾಯುತ್ತೇನೆ. ಬ್ಲೋವರ್ ಎಷ್ಟು ದೂರ, ಯಾವ ಓರೆಯಲ್ಲಿ ಇಡಬೇಕು ಎಂಬುದನ್ನು ಮಾತ್ರ ಬರೆಯುವುದಿಲ್ಲ. ಅದಕ್ಕೆ ಎರಡು ಮಳೆಗಾಲ ಕೊಟ್ಟಿದ್ದೇನೆ.

ಒಟ್ಟು ಖರ್ಚು ಒಂದೂವರೆ ಲಕ್ಷ ಆಗಿರಬೇಕು. ನೀರಿನ ಪೇಂಟ್ ದುಬಾರಿ, ಹಾಗಾಗಿ ತಿಂಗಳಿಗೆ ಉಳಿಯುವುದು ಎರಡು ಸಾವಿರವಷ್ಟೇ. ತಿನ್ನರ್ ಈಗ 20 ಲೀಟರ್. ಕ್ಲಿಯರ್ ಇನ್ನೂ ಹಳೆಯದೇ, ಅದಕ್ಕೇ ಸೊನ್ನೆಗೆ ಇಳಿದಿಲ್ಲ. ಹುಡುಗನಿಗೆ ಸಂಜೆಯ ತಲೆನೋವು ಹೋಯಿತು. ನನಗೆ ಅದೇ ಜಾಸ್ತಿ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಗಂಜಿಯಲ್ಲಿ ಪೊಟ್ಯಾಸಿಯಂ ಅಯೊಡೈಡ್ ಕಲಸಿ ಫಿಲ್ಟರ್ ಕಾಗದಕ್ಕೆ ಹಚ್ಚಿದೆ. ಓಜೋನ್ ತಾಗಿದರೆ ಅದು ನೇರಳೆಗೆ ತಿರುಗುತ್ತದೆ. ಮಾರ್ಚ್‌ನ ಒಂದೇ ದಿನ ಒಂದನ್ನು ಭೋಸರಿಯ ಚೌಕದಲ್ಲಿ, ಇನ್ನೊಂದನ್ನು ಊರಾಚೆಯ ಸಿಂಹಗಡ ಬೆಟ್ಟದ ಕೋಟೆಯ ಮೇಲೆ ನೆರಳಲ್ಲಿ ಕಟ್ಟಿದೆ. ಸಿಂಹಗಡದ್ದೇ ಗಾಢವಾಯಿತು! ಚೌಕದಲ್ಲಿ ಗಾಡಿಗಳ ಹೊಗೆಯ ನೈಟ್ರಿಕ್ ಆಕ್ಸೈಡ್ ಅಲ್ಲಿನ ಓಜೋನನ್ನು ತಿಂದುಬಿಡುತ್ತದೆ. ಊರಿಂದ ಎದ್ದ ಆವಿ ಗಾಳಿಯ ಜೊತೆ ದೂರ ಹೋಗಿ, ಬಿಸಿಲಿಗೆ ಅಲ್ಲಿ ಓಜೋನ್ ಆಗುತ್ತದೆ. ಮುಂದಿನ ಮಾರ್ಚ್‌ನಲ್ಲಿ ಹತ್ತು ಕಡೆ ಕಟ್ಟಬೇಕೆಂದಿದ್ದೇನೆ.